ಲಾಳದ ಹೆಸರು

ವೆಸ್ಟ್‌ಮಂಟ್, ಇಲಿನಾಯ್
೯ ಮಾರ್ಚ್ ೨೦೦೩

ಡೆಟ್ರಾಯ್ಟ್‌ನಲ್ಲಿ ಒಬ್ಬರೇ ಬೇಯಿಸಿಕೊಂಡು ತಿನ್ನುತ್ತಿರುವ ನನ್ನ ಮಕ್ಸೂದರಿಗೆ ಸಲಾಂ.

ಸೊಂಟ ಹೇಗಿದೆ? ಕಾರ್ಖಾನೆಯಲ್ಲಿ ದಿನವಿಡೀ ನಿಂತು, ಬಂದ ಮೇಲೆ ಹಿಮ ಎತ್ತಲು ಸಲಿಕೆಯನ್ನೂ ಹಿಡಿಯುತ್ತೀರೆಂದು ನನಗೆ ಗೊತ್ತು, ಸುಳ್ಳು ಹೇಳಬೇಡಿ. ಇಲ್ಲಿ ನಾನೂ ಮಗಳು ಆಯೆಷಾಳೂ ಗಟ್ಟಿಯಾಗಿದ್ದೇವೆ. ನೀವು ಕಳಿಸಿದ ಪೌರತ್ವದ ಅರ್ಜಿ ತಲುಪಿತು. ನನ್ನದನ್ನೂ ನೀವೇ ತುಂಬಿ, ಹೆಸರು ಬದಲಿಸುವ ಖಾನೆಯಲ್ಲಿ ‘ನೋಲನ್’ ಎಂದು ಬರೆದಿದ್ದೀರಿ. ಭಲೇ! “ನಾಲಬಂದ ಅಂತ ನಾಕ ಸಲ ಸ್ಪೆಲ್ ಮಾಡಬೇಕು ದಿಲ್ಲೂ. ಮ್ಯಾಲೆ ಅದು ಕುದುರಿಗೆ ಲಾಳ ಬಡಿಯೋರ ಹೆಸರು” ಅಂದಿದ್ದಿರಿ. ಫೋನಿನಲ್ಲಿ ಉತ್ತರ ಕೊಟ್ಟರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಕಾಗದ.

ನಾನು ನೋಡಿಕೊಳ್ಳುವ ರಷ್ಯನ್ ಅಜ್ಜಿ ವೆರಾ ಇದ್ದಾರಲ್ಲ, ಅವರದು ದೊಡ್ಡ ಜಮೀನ್ದಾರಿ ಮನೆತನವಂತೆ, ಪೊದ್ಕೋವಿನ್ ಎಂದು. ಮೂಲಪುರುಷ ಯಾರು ಗೊತ್ತೇ? ದೊರೆಯ ಲಾಯದಲ್ಲಿ ಲಾಳ ಕಟ್ಟುತ್ತಿದ್ದವನು! ಯುದ್ಧದಲ್ಲಿ ದೊರೆಯ ಕುದುರೆಯನ್ನು ಉಳಿಸಿದ್ದಕ್ಕೆ ಹಳ್ಳಿಗಳೂ ಪದವಿಯೂ ಸಿಕ್ಕವು. ಹೆಸರು ಮಾತ್ರ ಲಾಳದ್ದೇ ಉಳಿಯಿತು, ರಷ್ಯನ್‌ನಲ್ಲಿ ‘ಪೊದ್ಕೋವಾ’ ಅಂದರೆ ಲಾಳವಂತೆ. ಮುನ್ನೂರು ವರ್ಷ ಬೆಳ್ಳಿ ತಟ್ಟೆಗಳ ಮೇಲೂ ಲಾಳದ ಮುದ್ರೆ ಹಾಕಿಸಿಕೊಂಡು ಮೆರೆದರು. ನಿಮಗೋ ಅದೇ ಲಾಳ ನಾಚಿಕೆ!

ಕ್ರಾಂತಿಯಲ್ಲಿ ಅವರಪ್ಪ ಮಗಳನ್ನು ಎತ್ತಿಕೊಂಡು ಶಿಕಾಗೋಗೆ ಓಡಿಬಂದರು. ಅಣ್ಣ ರಷ್ಯಾದಲ್ಲೇ ಉಳಿದ. ಇಲ್ಲಿ ಕೆಲಸಕ್ಕಾಗಿ ಅಪ್ಪ ಹೆಸರನ್ನು ‘ಪಾರ್ಕರ್’ ಎಂದು ಬದಲಿಸಿಕೊಂಡರು. ವೆರಾ ಮದುವೆಯಾಗಲಿಲ್ಲ, ಪಾರ್ಕರ್ ಆಗಿಯೇ ಉಳಿದರು. ಅರವತ್ತೈದರ ವಯಸ್ಸಿನಲ್ಲಿ ಗೆಳತಿಯೊಬ್ಬಳನ್ನು ಮಣ್ಣು ಮಾಡಲು ಡೆಟ್ರಾಯ್ಟ್‌ಗೆ ಹೋದಾಗ, ಪಕ್ಕದ ಹೊಸ ಕಲ್ಲಿನ ಮೇಲೆ ಅಣ್ಣನ ಹೆಸರು ಕಂಡಿತು. ಮೂವತ್ತು ವರ್ಷದಿಂದ ಡೆಟ್ರಾಯ್ಟ್‌ನಲ್ಲೇ ಇದ್ದನಂತೆ, ನಿಮ್ಮ ಹಾಗೆ ಇನ್ನೂರೆಂಬತ್ತು ಮೈಲಿ ದೂರದಲ್ಲಿ. ಪಾದ್ರಿ ಕೊಟ್ಟ ಅಣ್ಣನ ಪೆಟ್ಟಿಗೆಯಲ್ಲಿ ಇದ್ದದ್ದು ಶಿಕಾಗೋದ ಫೋನ್ ಡೈರೆಕ್ಟರಿಗಳು, ವರ್ಷಕ್ಕೊಂದು. ಪ್ರತಿಯೊಂದರಲ್ಲೂ ಪೊದ್ಕೋವಿನ್ ಇರಬೇಕಾದ ಜಾಗದಲ್ಲಿ ಪೆನ್ಸಿಲ್ ಗೆರೆ. ಕೆಲವು ಪುಟ ಹಿಂದೆ ಪಾರ್ಕರ್‌ಗಳ ನಡುವೆ ತಂಗಿ ಇದ್ದಳು. ಅಲ್ಲಿ ಗೆರೆ ಇರಲಿಲ್ಲ. ಇದನ್ನು ಹೇಳುವಾಗ ಅಜ್ಜಿ ಅಳಲಿಲ್ಲ, ನಾನೇ ಅತ್ತೆ. ಮರುವಾರವೇ ಅವರು ಕೋರ್ಟಿಗೆ ಹೋಗಿ ಹಳೆಯ ಹೆಸರು ವಾಪಸ್ ಪಡೆದರಂತೆ.

ಅರ್ಜಿಗೆ ಸಹಿ ಮಾಡಿದ್ದೇನೆ, ಆ ಖಾನೆಯನ್ನು ಮಾತ್ರ ಹೊಡೆದುಹಾಕಿದ್ದೇನೆ. ಅರ್ಧ ಡಬ್ಬಿ ಶೇಂಗಾ ಚಟ್ನಿ ಕಳಿಸಿದ್ದೇನೆ, ಒಂದೇ ದಿನಕ್ಕೆ ಮುಗಿಸಬೇಡಿ. ಅಲ್ಲಾಹ್ ನಿಮ್ಮ ಸೊಂಟವನ್ನೂ ಬುದ್ಧಿಯನ್ನೂ ನೆಟ್ಟಗಿಡಲಿ.

ನಿಮ್ಮ,
ದಿಲ್‌ಶಾದ್ ನಾಲಬಂದ

ತಾ.ಕ.: ಒಂದೂವರೆ ವರ್ಷದ ಹಿಂದೆ, ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ, ಬೆದರಿಕೆ ಕರೆ ಬಂತೆಂದು ಡೈರೆಕ್ಟರಿಯಿಂದ ನಮ್ಮ ಹೆಸರು ತೆಗೆಸಿದ್ದಿರಿ. ನಿನ್ನೆ ಮತ್ತೆ ಹಾಕಿಸಿದೆ. ಬೈಯಬೇಡಿ. ನಿಮ್ಮ ಕೈಯಿಂದ ಪೆಟ್ಟು ತಿಂದು ಮನೆ ಬಿಟ್ಟ ನಿಮ್ಮ ತಮ್ಮ ತಾರಿಕ್ ಈ ದೇಶದಲ್ಲೇ ಇದ್ದಾನೆಂದು ಯಾರೋ ಹೇಳಿದಾಗಿನಿಂದ, ಹೋದ ಊರಲ್ಲೆಲ್ಲ ನೀವು ಡೈರೆಕ್ಟರಿ ತೆಗೆದು ‘ನಾಲಬಂದ’ ಹುಡುಕುವುದು ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಅವನೂ ಹುಡುಕುತ್ತಿರಬಹುದು.