ಅಮ್ಮನಿಗೆ ಕೇಳಿಸುವ ಸ್ಪೀಕರ್

ಮಾವ,

ಡ್ಯೂಟಿಗೆ ಹೊರಟೆ. ನಿಮಗೆ ಒಳ್ಳೆಯ ನಿದ್ದೆ ಹತ್ತಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ನಿನ್ನೆ ಮಧ್ಯಾಹ್ನವಿಡೀ ಹೊಸ ಸ್ಪೀಕರ್‌ಗಳನ್ನು ಜೋಡಿಸುತ್ತ ಟಿವಿ ಹಿಂದೆ ಮಂಡಿಯೂರಿ ಕೂತಿದ್ದಿರಲ್ಲ, ಟೀಪಾಯಿ ಮೇಲೆ ನೋವಿನ ಮುಲಾಮು ಇಟ್ಟಿದ್ದೇನೆ. ಹಚ್ಚಿಕೊಳ್ಳಿ.

ಸೋಫಾ ಹಿಂಬದಿಗೆ ಇಟ್ಟ ಎರಡು ಸ್ಪೀಕರ್‌ಗಳ ವೈರು ಇನ್ನೂ ನೆಲದ ಮೇಲಿದೆ. ಸಂಜೆ ಇಬ್ಬರೂ ಸೇರಿ ಗೋಡೆಗೆ ಕ್ಲಿಪ್ ಹೊಡೆಯೋಣ, ನೀವೊಬ್ಬರೇ ಸ್ಟೂಲ್ ಹತ್ತಬೇಡಿ. ಮಾತು ಬರುವ ನಡುವಿನ ಸ್ಪೀಕರಿನ ದನಿ ನೀವು ಏರಿಸಿಟ್ಟಷ್ಟೇ ಇರಲಿ. ನಿಮ್ಮ ಮಗ ಸಿನಿಮಾ ನೆಪದಲ್ಲಿ ಅದನ್ನು ಮುಟ್ಟಿದರೆ ಕಿವಿ ಹಿಂಡಿ, ನಾನು ಅಡ್ಡ ಬರುವುದಿಲ್ಲ.

ಕಿವಿ ಮಂದವಾದಾಗಿನಿಂದ ನನ್ನಮ್ಮ "ಏನಂದ, ಏನಂದ" ಎಂದು ಕೇಳಿ ಕೇಳಿ, ನಮಗೆ ಬೇಸರವಾದೀತೆಂದು ಟಿವಿ ಮುಂದೆ ಕೂರುವುದನ್ನೇ ಬಿಟ್ಟಿದ್ದಳು. "ನಿಮ್ಮಣ್ಣನ ಮನೆಗೆ ಹೋಗ್ತೀನಿ ಕಣೆ, ಇಲ್ಲಿ ಎಲ್ರಿಗೂ ತೊಂದ್ರೆ" ಎನ್ನುತ್ತಿದ್ದಳು. ನಿನ್ನೆ ಧಾರಾವಾಹಿಯ ಮಧ್ಯೆ ನಾನು ಬಾಯಿ ತೆರೆದದ್ದೇ ತಡ, "ಶ್! ಸುಮ್ನಿರೇ, ಅವಳು ಏನೋ ಹೇಳ್ತಿದಾಳೆ" ಎಂದು ಗದರಿದಳು. ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ನಿಮಗೆ ಕಾಣಬಾರದೆಂದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈಗ ಹೊರಡುವಾಗ ಅಮ್ಮ ಹೇಳಿದ್ದು: "ಏಳು ಗಂಟೆಗೆ ಶುರುವಾಗುತ್ತೆ, ಬೀಗರಿಗೂ ಬಂದು ಕೂತ್ಕೊಳ್ಳೋಕೆ ಹೇಳು."

ಎದುರಿಗೆ ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದೆ.

ನಿಮ್ಮ ಸೊಸೆ