ಬಣ್ಣ ಹೇಳುವ ಬಾಯಿ

ನಿಶಾಪುರ
ಮೆಹರ್ ತಿಂಗಳು, ಮಂಗಳವಾರ

ಪ್ರೀತಿಯ ಮಾಹ್‌ರುಖ್ ಅಕ್ಕನಿಗೆ ನಿನ್ನ ತೂಬಾ ಮಾಡುವ ಸಲಾಮುಗಳು.

ಹೇಗಿದ್ದೀಯ? ಭಾವ, ಮಕ್ಕಳು ಹೇಗಿದ್ದಾರೆ? ಚಿಕ್ಕವಳ ಕೆಮ್ಮು ವಾಸಿಯಾಯಿತೆ? ನಿನ್ನ ಕಾಗದ ಬಂದಾಗ ನಮ್ಮ ಅಂಗಳದ ದಾಳಿಂಬೆ ಇನ್ನೂ ಹೂವಾಗಿತ್ತು. ಈಗ ಹಣ್ಣು ಒಡೆದು ಗಿಳಿಗಳು ತಿನ್ನುತ್ತಿವೆ. ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ಅದು ಅತ್ತೆ ಬೀಬಿಯ ದಿಂಬಿನ ಪಕ್ಕದಲ್ಲಿದೆ. ಬೀಬಿಯ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಇನ್ನೂ ಬೆಕ್ಕಿನ ಕಿವಿ. ಈ ಮಾತುಗಳನ್ನು ಆ ಫೋನಿನಲ್ಲಿ ಹೇಳಲಾಗುವುದಿಲ್ಲ.

ಮನೆಯಲ್ಲಿ ಮತ್ತೆ ಶಿಬಿರ ನಡೆಯುತ್ತಿದೆ. ನಿನಗೆ ಗೊತ್ತಲ್ಲ, ಕಲಿಯಲು ಬಂದವರು ವಾರಪೂರ್ತಿ ಇಲ್ಲೇ ಉಂಡು ಇಲ್ಲೇ ಮಲಗುತ್ತಾರೆ. ನಮ್ಮವರು ಅವರಿಗೆ ನೀಲಿ ಫಿರೋಜಾ ಕಲ್ಲನ್ನು ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸುವುದು, ಸಾಣೆಗೆ ಹಿಡಿದು ಗುಮ್ಮಟದಂತೆ ದುಂಡಗೆ ಮಾಡುವುದು, ಚರ್ಮದ ಮೇಲೆ ತಿಕ್ಕಿ ಹೊಳಪು ಬರಿಸುವುದು, ಕೊನೆಗೆ ಬೆಳ್ಳಿಯ ಉಂಗುರದಲ್ಲಿ ಕೂರಿಸುವುದು, ಎಲ್ಲವನ್ನೂ ಕಲಿಸುತ್ತಾರೆ. ನಾನು ಅಡುಗೆ, ಹಾಸಿಗೆ ನೋಡಿಕೊಳ್ಳುತ್ತೇನೆ. ಬಂದವರಲ್ಲಿ ಬಹಾದುರ್ ಆಗಾ ಎಂಬ ಮುದುಕರಿದ್ದಾರೆ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಊಟಕ್ಕೆ ಕೂತಾಗಲೆಲ್ಲ, "ತೂಬಾ ಖಾನುಂ, ನಿಮ್ಮ ಜೆರೆಶ್ಕ್ ಹಣ್ಣಿನ ಅನ್ನ ತಿಂದೂ ತಿಂದೂ ನನ್ನ ಬೆರಳು ಊದ್ಕೊಂಡಿದೆ. ಉಂಗುರ ಮಾಡಿದ್ರೂ ತೂರಲ್ಲ, ಬಳೆ ಮಾಡೋದು ಕಲಿಸಿ ಅಂತ ಉಸ್ತಾದ್‌ಗೆ ಹೇಳಿ," ಎನ್ನುತ್ತಾರೆ. ಅವರಿಂದಾಗಿ ಮನೆಯಲ್ಲಿ ಸ್ವಲ್ಪ ನಗು ಇದೆ.

ನನಗೆ ನಗು ಬರುತ್ತಿಲ್ಲ. ಫರಂಗೀಸ್ ಮತ್ತೆ ಬಂದಿದ್ದಾಳೆ.

ಹೋದ ಶಿಬಿರಕ್ಕೂ ಬಂದಿದ್ದಳು. ಕೆರ್ಮಾನಿನವಳು, ವಿಧವೆ, ನನಗಿಂತ ದೊಡ್ಡವಳು. ಜಮಖಾನದ ಉಣ್ಣೆಗೆ ಬಣ್ಣ ಹಾಕುವ ಮನೆತನ ಅವಳದು. ಒಮ್ಮೆ ಕಲಿತು ಹೋದವಳು ಮತ್ತೆ ಯಾಕೆ ಬಂದಳು? ಅರಗಿನಿಂದ ಕಲ್ಲು ಅಂಟಿಸುವುದನ್ನು ಮೊದಲ ಸಲವೇ ನನಗಿಂತ ಚೆನ್ನಾಗಿ ಕಲಿತಿದ್ದಳು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಹೊಳಪು ಕೊಟ್ಟ ಕಲ್ಲುಗಳನ್ನು ಬಿಳಿ ಬಟ್ಟೆಯ ಮೇಲೆ ಒಣಗಲು ಬಿಡುತ್ತೇವೆ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ ಎಂದು ಅಪ್ಪ ಹೇಳುತ್ತಿದ್ದರಲ್ಲ. ಬೆಳಿಗ್ಗೆ ಚಹಾಕ್ಕೆ ಮುಂಚೆ ಕಿಟಕಿಯ ಬೆಳಕಿನಲ್ಲಿ ನಮ್ಮವರು ಒಂದೊಂದನ್ನೇ ಎತ್ತಿ ಅದು ಯಾವ ಗುಂಪಿಗೆ ಎಂದು ಹೇಳುತ್ತಾರೆ. ತುಂಬು ನೀಲಿಯದು ಅಜಮಿ, ಅದು ಬಲಕ್ಕೆ. ಹಸಿರು ಬೆರೆತದ್ದು ಎಡಕ್ಕೆ. ಅವರು ಹೇಳುವಾಗ ಬೇರೆ ಯಾರೂ ತುಟಿ ಬಿಚ್ಚಬಾರದು. ಬಣ್ಣ ಹೇಳುವ ಬಾಯಿ ಒಂದೇ ಇರಬೇಕು ಎಂಬುದು ನನ್ನ ಮಾವನ ಕಾಲದಿಂದ ಬಂದ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಾಯಿತಪ್ಪಿ "ಇದು ಅಜಮಿ ಅಲ್ವಾ" ಎಂದದ್ದಕ್ಕೆ ಮಾವ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಆಮೇಲೆ ನಾನು ಆ ಕಿಟಕಿಯ ಹತ್ತಿರ ಹೋದದ್ದು ಗುಡಿಸಲು ಮಾತ್ರ.

ಈಗ ಆ ಕಿಟಕಿಯಲ್ಲಿ ಅವರ ಪಕ್ಕಕ್ಕೆ ಫರಂಗೀಸ್ ಕೂರುತ್ತಾಳೆ. ಉಳಿದವರು ಏಳುವ ಮೊದಲೇ, ಬಾಗಿಲು ಮುಂದೆ ಮಾಡಿಕೊಂಡು. ಸಂದಿಯಿಂದ ನೋಡಿದರೆ ಅವಳು ಏನೋ ಪಿಸುಗುಡುತ್ತಾಳೆ, ಇವರು ಕಲ್ಲನ್ನು ಬಲಕ್ಕೋ ಎಡಕ್ಕೋ ಇಡುತ್ತಾರೆ. ಉಳಿದವರು ಬಂದು ಕೂತ ಮೇಲೆ ಎಂದಿನಂತೆ ಗಟ್ಟಿ ದನಿಯಲ್ಲಿ ಬಣ್ಣ ಹೇಳುತ್ತಾರೆ, ಏನೂ ನಡೆದೇ ಇಲ್ಲವೆಂಬಂತೆ.

ಬೀಬಿಗೆ ಬಾಗಿಲಿನ ಸದ್ದು ಸಾಕು. ನಿನ್ನೆ ಸೊಪ್ಪು ಬಿಡಿಸುತ್ತ, "ಗಂಡಸಿನ ಕಣ್ಣು ಕಲ್ಲಿನ ಮೇಲಿದ್ರೆ ಮನೆಗೆ ಅನ್ನ. ಕಲ್ಲು ಹಿಡಿದ ಕೈ ಮೇಲಿದ್ರೆ ಏನು ಅಂತ ನೀನೇ ಹೇಳು, ಸೊಸೆ," ಎಂದರು. ನಾನು ಸೊಪ್ಪು ಎತ್ತಿಕೊಂಡು ತೊಳೆಯಲು ಹೋದೆ.

ನೀನು ಹಬ್ಬಕ್ಕೆ ಕಳಿಸಿದ ನೀಲಿ ಶಾಲನ್ನು ಇವತ್ತು ಬೇಕೆಂದೇ ಹೊದ್ದು ಅವರ ಮುಂದೆ ಓಡಾಡಿದೆ. "ಈ ಹಸಿರು ನಿಂಗೆ ಒಪ್ಪುತ್ತೆ," ಎಂದರು. ನೋಡಿಯೇ ಇಲ್ಲ ಅಕ್ಕ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. ಕಲ್ಲಿನೊಳಗಿನ ಕೂದಲೆಳೆಯಂಥ ಗೆರೆ ಹುಡುಕುವ ಮನುಷ್ಯ ಹೆಂಡತಿಯ ಶಾಲನ್ನು ನೋಡಲಾರರು.

ಇದನ್ನೆಲ್ಲ ನನ್ನ ಹೊಟ್ಟೆಯುರಿ ಎಂದು ನೀನು ಹೇಳಬಹುದು. ಆದರೆ ಇವತ್ತು ಚಹಾದ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಾಗ ಈ ಕಿವಿಯಿಂದ ಕೇಳಿದೆ. ಅವಳು, "ತೂಬಾಗೆ ಯಾವಾಗ ಹೇಳ್ತೀರಿ ಉಸ್ತಾದ್? ಮುಚ್ಚಿಟ್ಟಷ್ಟೂ ಕಷ್ಟ," ಎಂದಳು. ಇವರು, "ಬೇರೆ ಯಾರಿಗಾದ್ರೂ ಹೇಳ್ತೀನಿ, ಅವಳಿಗೆ ಮಾತ್ರ ಬೇಡ. ಅವಳಿಗೆ ಗೊತ್ತಾದ ದಿನ ಈ ಮನೇಲಿ ನಾನು ತಲೆ ಎತ್ತೋಕಾಗಲ್ಲ," ಎಂದರು.

ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಅಡುಗೆಮನೆಗೆ ಬಂದೆ. ಚಹಾ ಆರಿಹೋಗಿರಬೇಕು.

ನನಗೆ ಯಾರನ್ನೂ ನಿಲ್ಲಿಸಿ ಕೇಳುವ ಧೈರ್ಯವಿಲ್ಲ, ನಿನಗೆ ಗೊತ್ತು. ಆದರೆ ಸುಮ್ಮನೆಯೂ ಇರಲಾರೆ. ಅವಳಿಗೆ ಅವಳ ಆ ಬಣ್ಣದ ಜಾಣತನದ ಮೇಲೆಯೇ ಒಂದು ಪೆಟ್ಟು ಬೀಳಬೇಕು. ಏನು ಮಾಡಬೇಕೆಂದು ಯೋಚಿಸುತ್ತಿದ್ದೇನೆ. ಮಶ್‌ಹದ್‌ಗೆ ಹೊರಟ ವ್ಯಾನಿನವನು ಹೊರಗೆ ಕೂಗುತ್ತಿದ್ದಾನೆ, ಇಲ್ಲಿಗೆ ಮುಗಿಸುತ್ತೇನೆ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ತೂಬಾ


ನಿಶಾಪುರ
ಮೆಹರ್ ತಿಂಗಳು, ಭಾನುವಾರ

ಪ್ರೀತಿಯ ಅಕ್ಕನಿಗೆ ತೂಬಾಳ ಸಲಾಮು.

ನನ್ನ ಹಿಂದಿನ ಕಾಗದ ಓದಿ ನೀನು ನಿದ್ದೆಗೆಟ್ಟಿರುತ್ತೀಯ. ಕ್ಷಮಿಸು. ಫರಂಗೀಸ್ ವಿಷಯದಲ್ಲಿ ನಾನು ಅಂದುಕೊಂಡದ್ದು ಯಾವುದೂ ನಿಜವಲ್ಲ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಶಿಬಿರದ ಕೊನೆಯ ದಿನ ಇವರು ಎಲ್ಲರ ಮುಂದೆ ಕೂತು ಇರುವುದರಲ್ಲಿ ಉತ್ತಮವಾದ ಅಜಮಿ ಕಲ್ಲೊಂದನ್ನು ಉಂಗುರದಲ್ಲಿ ಕೂರಿಸಿ ತೋರಿಸುತ್ತಾರೆ. ಬಜಾರಿನ ಹಾಜಿ ಕಾಜಿಮ್ ಅದನ್ನು ನೋಡಲು ಬರುತ್ತಾರೆ. ಇವರ ಕಲ್ಲುಗಳನ್ನೆಲ್ಲ ಕೊಳ್ಳುವವರು ಅವರೇ. ಇವರು ಅಜಮಿ ಎಂದರೆ ಅವರು ಮತ್ತೆ ಕಲ್ಲನ್ನು ಮಗುಚಿ ನೋಡುವುದಿಲ್ಲ. ನಮ್ಮ ಮನೆ ನಡೆಯುತ್ತಿರುವುದು ಆ ನಂಬಿಕೆಯ ಮೇಲೆ.

ಈ ಸಲದ ಆ ಕೊನೆಯ ದಿನ ಬೆಳಿಗ್ಗೆ ಇವರೂ ಫರಂಗೀಸೂ ಎಂದಿನಂತೆ ಕಲ್ಲುಗಳನ್ನು ಬೇರೆ ಮಾಡಿಟ್ಟು ಕೈತೊಳೆಯಲು ಎದ್ದರು. ನಾನು ಗುಡಿಸುವ ನೆಪದಲ್ಲಿ ಒಳಗೆ ಹೋದೆ. ಬಲಗಡೆಯ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಜಮಿಯನ್ನು ಎತ್ತಿ ಎಡಕ್ಕೆ ಹಾಕಿದೆ. ಅದೇ ಅಳತೆಯ ಹಸಿರು ಕಲ್ಲೊಂದನ್ನು ಅದರ ಜಾಗದಲ್ಲಿಟ್ಟೆ. ಇವರು ಬಂದು ನೋಡಿದ ತಕ್ಷಣ ಅದು ಕಣ್ಣಿಗೆ ಬೀಳುತ್ತದೆ, "ಇದೇನು ಫರಂಗೀಸ್ ಖಾನುಂ, ಇಷ್ಟೇನಾ ನೀವು ಕಲಿತದ್ದು?" ಎಂದು ಎಲ್ಲರೆದುರು ಕೇಳುತ್ತಾರೆ, ಅವಳ ಮುಖ ಸಣ್ಣಗಾಗುತ್ತದೆ ಎಂಬುದು ನನ್ನ ಲೆಕ್ಕ. ಅವರ ಕಣ್ಣು ತಪ್ಪಬಹುದೆಂಬ ಯೋಚನೆ ನನಗೆ ಹೊಳೆಯಲೇ ಇಲ್ಲ. ಅಪ್ಪನ ಮನೆಯಲ್ಲೂ ಈ ಮನೆಯಲ್ಲೂ ಅಂಥ ಮಾತನ್ನು ಯಾರೂ ಆಡಿರಲಿಲ್ಲ.

ಹಾಜಿ ಬಂದರು. ನಾನು ಸಮಾವರ್ ಪಕ್ಕದಲ್ಲಿ ಚಹಾ ಬಗ್ಗಿಸುತ್ತ ನಿಂತೆ. ಇವರು ಬಲಗಡೆಯ ಗುಂಪಿನ ಮೇಲೆ ಕೈಯಾಡಿಸಿ ದೊಡ್ಡ ಕಲ್ಲನ್ನೇ ಎತ್ತಿದರು. ಅದನ್ನು ಬೆಳಕಿಗೆ ಹಿಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. "ಇಂಥ ಅಜಮಿ ಈ ವರ್ಷ ನನ್ನ ಕೈಗೆ ಬಂದಿಲ್ಲ," ಎಂದು ಉಂಗುರದಲ್ಲಿಟ್ಟು ಬೆಳ್ಳಿಯ ಅಂಚನ್ನು ಒತ್ತತೊಡಗಿದರು. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಪ್ರೀತಿಯಿಂದ ಆ ಹಸಿರು ಕಲ್ಲನ್ನು ಕೂರಿಸಿದರು ಅಕ್ಕ.

ಆಗ ನನಗೆ ನನ್ನ ಶಾಲಿನ ಮಾತು ಅರ್ಥವಾಯಿತು.

ಫರಂಗೀಸಳ ಮುಖ ಬಿಳಿಚಿಕೊಂಡಿತ್ತು. ಹಾಜಿ ಕನ್ನಡಕಕ್ಕಾಗಿ ಜೇಬು ತಡಕುತ್ತಿದ್ದರು. ಅಷ್ಟರಲ್ಲಿ ಬಹಾದುರ್ ಆಗಾ ಕುತ್ತಿಗೆ ಮುಂದೆ ಚಾಚಿ, "ಉಸ್ತಾದ್, ಮುಟ್ಠಾಳನ ಮಾತು ಅಂತ ಬೈಬೇಡಿ. ನಾನು ಜೀವಮಾನವೆಲ್ಲ ರೈಲಿಗೆ ಹಸಿರು ದೀಪ ತೋರಿಸಿದವನು. ಈ ಕಲ್ಲು ನೋಡಿದ್ರೆ ನನಗೆ ಹೊರಡು ಅಂತಿದೆ," ಎಂದರು. ಯಾರೋ ನಕ್ಕರು. ಹಾಜಿ ನಗಲಿಲ್ಲ. ಕನ್ನಡಕ ಸಿಕ್ಕಿತ್ತು. ಅವರು ಉಂಗುರ ನೋಡಿದರು, ಆಮೇಲೆ ನಮ್ಮವರ ಕಣ್ಣನ್ನು ನೋಡಿದರು.

ಹತ್ತು ಜನರೆದುರು ನಾನು ಎಂದಾದರೂ ಮಾತಾಡಿದ್ದು ನೋಡಿದ್ದೀಯಾ? ಅವತ್ತು ಆಡಿದೆ. "ತಪ್ಪು ನನ್ನದು, ಹಾಜಿ ಆಗಾ. ಗುಡಿಸುವಾಗ ಬಟ್ಟೆ ಎಳೆದು ಕಲ್ಲು ಬೆರೆಸಿಬಿಟ್ಟೆ. ಇವರಿಗೆ ಕಂಡಿದೆ. ನಿಮ್ಮೆಲ್ಲರ ಮುಂದೆ ನನ್ನ ಮರ್ಯಾದೆ ಹೋಗಬಾರದು ಅಂತ ಸುಮ್ಮನೆ ಕೂರಿಸಿದ್ದಾರೆ," ಎಂದೆ. ಎಡಗಡೆಯ ಗುಂಪಿನಿಂದ ನಿಜವಾದ ಅಜಮಿಯನ್ನು ಎತ್ತಿ ಇವರ ಅಂಗೈಯಲ್ಲಿಟ್ಟೆ.

ಹಾಜಿ ನನ್ನ ಕಡೆ ತಿರುಗಿದರು. "ಪೊರಕೆ ಹಿಡಿಯೋ ಕೈ ಕಲ್ಲಿನ ಹತ್ರ ಬಂದ್ರೆ ಹಿಂಗೇ ಆಗೋದು, ಮಗಳೇ," ಎಂದು ಚಹಾ ಎತ್ತಿಕೊಂಡರು. ಬಯ್ಗುಳ ಕೇಳಿ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ. ಇವರು ತಲೆಯೆತ್ತದೆ ಹಸಿರು ಕಲ್ಲನ್ನು ಬಿಡಿಸಿ ಇನ್ನೊಂದನ್ನು ಕೂರಿಸಿದರು. ಹಾಜಿ ಉಂಗುರ ತೆಗೆದುಕೊಂಡು ಹೋದರು. ಅವರು ನಂಬಿದರೋ, ನಂಬಿದಂತೆ ಮಾಡಿದರೋ, ಈಗಲೂ ನನಗೆ ಗೊತ್ತಿಲ್ಲ.

ಆಮೇಲೆ ಫರಂಗೀಸ್ ಅಡುಗೆಮನೆಗೆ ಬಂದಳು. ಅವಳ ಅಪ್ಪನಿಗೂ ಕಣ್ಣಿಗೆ ಪೊರೆ ಬಂದು ನೀಲಿ ಉಣ್ಣೆಯನ್ನೆಲ್ಲ ಹಸಿರು ಎನ್ನುತ್ತಿದ್ದರಂತೆ. ಹೋದ ಶಿಬಿರದಲ್ಲಿ ಇವರು ಕಲ್ಲನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವುದನ್ನು ನೋಡಿಯೇ ಅವಳಿಗೆ ತಿಳಿಯಿತಂತೆ. ಗುಟ್ಟಾಗಿ ಬಣ್ಣ ಹೇಳಿಕೊಡಲು ಈ ಸಲ ಇವರೇ ಕರೆಸಿಕೊಂಡದ್ದು. "ಆಪರೇಷನ್ ಮಾಡಿಸ್ಕೊಳ್ಳಿ, ಹೆಂಡ್ತಿಗೆ ಹೇಳಿ ಅಂತ ದಿನಾ ಬೇಡ್ಕೊಂಡೆ, ತೂಬಾ ಜಾನ್. ನಿನ್ನ ಹೆಸರೆತ್ತಿದ್ರೆ ಸಾಕು, ಕಲ್ಲಾಗಿಬಿಡ್ತಿದ್ರು," ಎಂದಳು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಅವಳು ನನ್ನ ಮೇಲೆ ಒಂದು ಚೂರೂ ಸಿಟ್ಟಾಗಲಿಲ್ಲ. ಹೊರಡುವಾಗ ಬೀಬಿಯ ಕೈಗೂ ಮುತ್ತಿಟ್ಟು ಹೋದಳು. ಬೀಬಿ ಕೈಯನ್ನು ಮೈಮೇಲಿನ ಚಾದರಕ್ಕೆ ಒರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಇವರ ಪಕ್ಕ ಕೂತು ಕೇಳಿದೆ. "ನಾನು ಫಿರೋಜಾ ಕೊರೆಯೋರ ಮನೇಲಿ ಹುಟ್ಟಿದವಳು. ನನ್ನ ಯಾಕೆ ಕೇಳಲಿಲ್ಲ?"

"ಅದಕ್ಕೇ ಕೇಳಲಿಲ್ಲ," ಎಂದರು. "ನಿಮ್ಮಪ್ಪ ನನ್ನ ಆಸ್ತಿ ನೋಡಲಿಲ್ಲ, ಮನೆ ನೋಡಲಿಲ್ಲ. ಒಂದು ಹಿಡಿ ಕಲ್ಲು ಮುಂದೆ ಸುರಿದು ಆರಿಸು ಅಂದ್ರು. ಆರಿಸಿದೆ. ಈ ಕಣ್ಣು ನೋಡಿ ನಿನ್ನ ಕೊಟ್ರು. ಅದೇ ಇಲ್ಲ ಅಂತ ನಿನ್ನ ಹತ್ರ ಹೆಂಗೆ ಹೇಳಲಿ?"

ನಾನೂ ಒಂದು ನಿಜ ಹೇಳಬೇಕಾಗಿತ್ತು. ಕಲ್ಲು ತಾನಾಗಿ ಬೆರೆತದ್ದಲ್ಲ, ನಾನೇ ಬೇಕೆಂದು ಬದಲಿಸಿದ್ದು ಎಂದು ಹೇಳಿಬಿಟ್ಟೆ. ಯಾಕೆಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಹಾಗಾ," ಎಂದು ಎದ್ದು ಸಾಣೆಯ ಮೇಲೆ ಬಟ್ಟೆ ಮುಚ್ಚಿದರು.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಮಶ್‌ಹದ್‌ನಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರನ್ನು ವಿಚಾರಿಸಿಡು. ಚಳಿ ಜೋರಾಗುವ ಮೊದಲು ಕರೆದುಕೊಂಡು ಬರುತ್ತೇನೆ, ನಿಮ್ಮ ಮನೆಯಲ್ಲೇ ಇರುತ್ತೇವೆ. ಅವರು ಒಪ್ಪಿದ್ದಾರೆ. ಭಾವನಿಗೆ ಹೇಳು, ಆದರೆ ಬಜಾರಿನ ಕಡೆಯವರಾರಿಗೂ ತಿಳಿಯದಂತೆ ನೋಡಿಕೊ. ಚಿಕ್ಕವಳ ಕೆಮ್ಮಿಗೆ ಒಣಗಿಸಿದ ದಾಳಿಂಬೆ ಸಿಪ್ಪೆ ಕಳಿಸಿದ್ದೇನೆ, ಜೇನಿನಲ್ಲಿ ಕೊಡು. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ಮಕ್ಕಳು ನೂರು ಕಾಲ ಬಾಳಲಿ.

ನಿನ್ನವಳೇ ಆದ,
ತೂಬಾ

ಮರೆತ ಮಾತು: ಈಗ ಬೆಳಿಗ್ಗೆ ಕಿಟಕಿಯಲ್ಲಿ ಅವರ ಪಕ್ಕ ನಾನೇ ಕೂರುತ್ತೇನೆ. ಕಲ್ಲು ಎತ್ತಿ ಕೊಡುತ್ತಾರೆ, ನಾನು ಬಣ್ಣ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಆದರೆ ನಾನು ನೀಲಿ ಎಂದ ಕಲ್ಲನ್ನು ಗುಂಪಿಗೆ ಹಾಕದೆ ಮುಷ್ಟಿಯಲ್ಲಿ ಹಿಡಿದು, ನೀರು ಕುಡಿದು ಬರುತ್ತೇನೆಂದು ಅಂಗಳಕ್ಕೆ ಹೋಗುತ್ತಾರೆ. ಇವತ್ತು ಬಾಗಿಲ ಸಂದಿಯಿಂದ ನೋಡಿದೆ. ಅಂಗೈ ಬಿಚ್ಚಿ ಬೀಬಿಯನ್ನು ಕೇಳುತ್ತಿದ್ದರು. ಬೀಬಿಗೆ ತನ್ನ ಮುಂದಿರುವ ಚಹಾದ ಲೋಟವೂ ಕೈಯಿಂದ ತಡಕದೆ ಸಿಗುವುದಿಲ್ಲ ಅಕ್ಕ. ಆದರೂ ಕಲ್ಲು ಬದಲಿಸಿದವಳನ್ನು ನಂಬದೆ ಬೀಬಿಯನ್ನೇ ಕೇಳುತ್ತಾರೆ.