ಮುದ್ದಪ್ಪನ ನಾಲ್ಕನೇ ಚೌಕ

ಯಪ್ಪಾ,

ಪೇಪರಿನಲ್ಲಿ ಬರುತ್ತಿದ್ದ ಮರೆಗುಳಿ ಮುದ್ದಪ್ಪನ ನಾಲ್ಕು ಚೌಕದ ಚಿತ್ರಕತೆಯ ಪುಸ್ತಕಗಳು ಇವತ್ತಿಗೆ ಪೂರ್ತಿಯಾದವು! ನೀನು ತೀರಿಕೊಂಡ ಮೇಲೆ ಒಂದೊಂದಾಗಿ ಕೂಡಿಸುತ್ತಾ ಬಂದಿದ್ದೆ. ಸಿಗದೆ ಉಳಿದಿದ್ದ ಒಂದೇ ಒಂದು ಭಾಗ ರಾಯಚೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ದೇವದುರ್ಗದ ಬಸ್ಸಿನಲ್ಲಿ ಓದುತ್ತಾ, ಒಬ್ಬಳೇ ನಗುತ್ತಾ ಬಂದೆ.

ನಮ್ಮ ಮಿರ್ಚಿ ಬಂಡಿಗೆಂದು ನೀನು ಹಳೇ ಪೇಪರ್ ಹರಿಯುವಾಗ ಮುದ್ದಪ್ಪನ ಕೊನೆಯ ಚೌಕ ಯಾವಾಗಲೂ ಯಾರದೋ ಪೊಟ್ಟಣದ ಜೊತೆ ಹೋಗಿಬಿಡುತ್ತಿತ್ತು. ನಾನು ಅತ್ತರೆ ನೀನೇ ಕತೆ ಮುಗಿಸುತ್ತಿದ್ದೆ: "ಆಮ್ಯಾಲ ಮುದ್ದಪ್ಪ ನಮ್ಮ ಬಂಡಿಗೆ ಬಂದು ಮಿರ್ಚಿ ತಿಂದ." ಎಲ್ಲ ಕತೆಗೂ ಅದೇ ಕೊನೆ.

ಮನೆಗೆ ಬಂದವಳೇ ಅವ್ವನಿಗೆ ಛತ್ರಿ ಕಳೆದ ಕತೆ ಓದಿ ಹೇಳಿದೆ. ಊರೆಲ್ಲ ಹುಡುಕಿದ ಛತ್ರಿ ನಾಲ್ಕನೇ ಚೌಕದಲ್ಲಿ ಅವನ ಬಗಲಲ್ಲೇ ಇತ್ತು.

ಅವ್ವ ಒಪ್ಪಲಿಲ್ಲ. "ತಪ್ಪು ಛಾಪಿಸ್ಯಾರ ಬಿಡವ್ವಾ. ಅಂವ ಮಿರ್ಚಿ ತಿಂದಿದ್ದು ಎಲ್ಲದ ಇದ್ರಾಗ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಮುಂದಿನ ಕತೆ ತೆಗೆದೆ. ಮೂರು ಚೌಕ ಓದಿ, ನಾಲ್ಕನೆಯದನ್ನು ಅಂಗೈಯಿಂದ ಮುಚ್ಚಿ, ನೀನು ಕತೆ ಮುಗಿಸಲೆಂದು ಕಾದೆ.